ಬಲಕ್ಕೆ ತಿರುಗಿ ನಿಂತ ಚಕ್ರ

ನವಿ ಮುಂಬಯಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಹದಿಮೂರು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ವಾಹನಗಳ ಸ್ಟೀರಿಂಗ್ ನನ್ನ ವಿಷಯ. ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಯಾಕೆ ಹೆಚ್ಚು ತಿರುಗಬೇಕು ಎಂಬುದನ್ನು ಕಣ್ಣು ಮುಚ್ಚಿ ಬೋರ್ಡಿನ ಮೇಲೆ ಬರೆಯಬಲ್ಲೆ. ಆದರೆ ನಮ್ಮ ವಿದ್ಯಾರ್ಥಿಗಳು ಕಟ್ಟುವ ಬಗ್ಗಿಯಲ್ಲಿ ಅಲ್ಲಿಯವರೆಗೆ ಒಮ್ಮೆಯೂ ಕೂತಿರಲಿಲ್ಲ.

ಬಗ್ಗಿ ಎಂದರೆ ಒಬ್ಬರೇ ಕೂರುವ ಸಣ್ಣ ಗಾಡಿ. ಕಬ್ಬಿಣದ ಕೊಳವೆಗಳನ್ನು ಬೆಸೆದ ಪಂಜರ, ಹಿಂದೆ ಒಂದು ಇಂಜಿನ್, ನಾಲ್ಕು ದಪ್ಪ ಚಕ್ರ. ಅದು ಓಡುವುದು ಕಲ್ಲುಮಣ್ಣಿನ ಗುಂಡಿಗಳಲ್ಲಿ. ಪ್ರತಿ ವರ್ಷ ವಿದ್ಯಾರ್ಥಿಗಳು ಒಂದನ್ನು ಕಟ್ಟಿ ಸ್ಪರ್ಧೆಗೆ ಒಯ್ಯುತ್ತಾರೆ. ಆ ವರ್ಷ ತಂಡದ ಮೇಲ್ವಿಚಾರಣೆ ನನ್ನದಾಗಿತ್ತು. ಸ್ಟೀರಿಂಗ್ ಮಾಡಿದವಳು ಕಲ್ಯಾಣದಿಂದ ಬರುತ್ತಿದ್ದ ಕೊನೆಯ ವರ್ಷದ ಹುಡುಗಿ. ಅವಳ ತಂದೆ ಅಲ್ಲಿ ಸ್ಟೇಷನ್ ಹತ್ತಿರ ವೆಜ್ ಹೋಟೆಲು ನಡೆಸುವವರು, ನಮ್ಮ ಉಡುಪಿ ಕಡೆಯವರೇ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರಿಸುತ್ತಿದ್ದಳು. ಇಬ್ಬರಿಗೂ ಅದು ಅಭ್ಯಾಸವಾಗಿಹೋಗಿತ್ತು.

ಸ್ಟೀರಿಂಗ್ ತಿರುಗಿಸಿದಾಗ ಗಾಡಿಯ ಮುಂಭಾಗದಲ್ಲಿ ಹಲ್ಲುಗಳಿರುವ ಒಂದು ಸರಳು ಎಡಕ್ಕೋ ಬಲಕ್ಕೋ ಸರಿಯುತ್ತದೆ. ಅದರ ಎರಡು ತುದಿಗೂ ಒಂದೊಂದು ಟೈ ರಾಡ್. ಆ ರಾಡು ಚಕ್ರಕ್ಕೆ ಅಂಟಿದ ಗಿಡ್ಡ ತೋಳನ್ನು ತಳ್ಳಿದರೆ ಅಥವಾ ಎಳೆದರೆ ಚಕ್ರ ತಿರುಗುತ್ತದೆ. ಹುಡುಗಿ ಸರಳಿನ ಎರಡೂ ಕಡೆ ಉಕ್ಕಿನ ಬಳೆ ತೊಡಿಸಿ, ಅದು ಒಂದು ಮಿತಿಗಿಂತ ಹೆಚ್ಚು ಸರಿಯದಂತೆ ತಡೆದಿದ್ದಳು. ಇದರಿಂದ ಗಾಡಿ ತಿರುಗಲು ಬಹಳ ಜಾಗ ಬೇಕಾಗುತ್ತಿತ್ತು. ಸ್ಪರ್ಧೆಯಲ್ಲಿ ಕಿರಿದಾದ ತಿರುವುಗಳೇ ಹೆಚ್ಚು.

"ಈ ಬಳೆ ತೆಗಿ" ಎಂದೆ.

"ನಹೀ ಮ್ಯಾಡಮ್. ಫುಲ್ ಟರ್ನ್ ಮೆ ರಾಡ್ ಔರ್ ಆರ್ಮ್ ಸೀಧಾ ಹೋ ಜಾತಾ ಹೈ. ಲಾಕ್ ಹೋಗಾ." ರಾಡೂ ತೋಳೂ ಒಂದೇ ಗೆರೆಗೆ ಬಂದರೆ ಚಕ್ರ ಹಾಗೆಯೇ ಸಿಕ್ಕಿಕೊಳ್ಳುತ್ತದೆ ಎಂಬುದು ಅವಳ ಆತಂಕ.

ಗಾಡಿಯನ್ನು ಸ್ಟ್ಯಾಂಡಿನ ಮೇಲಿಟ್ಟು, ಬಳೆ ಸಡಿಲಿಸಿ, ಕೊನೆಯವರೆಗೆ ತಿರುಗಿಸಿ ನೋಡಿದೆ. ಸಿಕ್ಕಿಕೊಳ್ಳಲಿಲ್ಲ.

"ನೋಡು. ಎಂತ ಆಗುದಿಲ್ಲ ಮಾರಾಯ್ತಿ, ತೆಗಿ."

"ಲೋಡ್ ಮೆ ಅಲಗ್ ಹೋಗಾ" ಎಂದಳು. ಭಾರ ಬಿದ್ದಾಗ ಬೇರೆ ಥರ ಆಗುತ್ತದೆ ಅಂತ. ನಾನು ಗಡಿಯಾರ ನೋಡಿದೆ. ಅವಳು ಸ್ಪ್ಯಾನರ್ ಎತ್ತಿಕೊಂಡು ಬಳೆ ಬಿಚ್ಚಿದಳು.

ಮರುದಿನ ಬೆಳಿಗ್ಗೆ ಕಾಲೇಜಿನ ಹಿಂದಿನ ಖಾಲಿ ಜಾಗದಲ್ಲಿ ಓಡಿಸಿ ನೋಡುವುದಿತ್ತು. ಯಾವಾಗಲೂ ಓಡಿಸುವ ವಿದ್ಯಾರ್ಥಿಗೆ ಜ್ವರ. ಅವಳೇ ಹೆಲ್ಮೆಟ್ ಕೈಗೆತ್ತಿಕೊಂಡಳು. ಅವಳ ಮುಖದಲ್ಲಿದ್ದ ಅಳುಕು ನೋಡಿ ನನಗೆ ರೇಗಿತು. "ಕೊಡು, ನಾನೇ ಹೋಗ್ತೇನೆ" ಎಂದು ಕಿತ್ತುಕೊಂಡೆ. ಅವಳ ಭಯ ಸುಳ್ಳೆಂದು ಎಲ್ಲರೆದುರು ತೋರಿಸಬೇಕಿತ್ತು.

ಎರಡು ಹೆಗಲಿನ ಮೇಲಿಂದ, ಸೊಂಟದ ಎರಡೂ ಕಡೆಯಿಂದ, ಕಾಲುಗಳ ನಡುವಿನಿಂದ ಬರುವ ಐದು ಪಟ್ಟಿಗಳನ್ನು ಹೊಟ್ಟೆಯ ಮೇಲಿನ ಒಂದೇ ಬಕಲಿಗೆ ಸೇರಿಸಿ ಬಿಗಿದರು. ಉಸಿರೆಳೆಯಲೂ ಅಳತೆ ಮಾಡಬೇಕಾಯಿತು. ಎರಡು ಸುತ್ತು ಚೆನ್ನಾಗಿಯೇ ಹೋಯಿತು. ಮೂರನೆಯ ಸುತ್ತಿನಲ್ಲಿ ಬಲಕ್ಕೆ ಪೂರ್ತಿ ತಿರುಗಿಸಿದೆ. ಬಲಚಕ್ರ ಒಂದು ದಿಬ್ಬ ಹತ್ತಿಳಿಯಿತು. ಟಕ್ ಎಂದಿತು. ಸ್ಟೀರಿಂಗನ್ನು ಹಿಂದಕ್ಕೆ ತಿರುಗಿಸಿದರೆ ಬರಲಿಲ್ಲ. ಎರಡೂ ಕೈಯಿಂದ ಜಗ್ಗಿದೆ. ಬ್ರೇಕ್ ಒತ್ತುವಷ್ಟರಲ್ಲಿ ಗಾಡಿ ಜಾರುತ್ತ ಒಣಗಿದ ಮೋರಿಯ ಅಂಚಿಗೆ ಬಂದಿತ್ತು. ಎಡಚಕ್ರ ಕೆಳಗಿಳಿಯಿತು. ಇಡೀ ಗಾಡಿ ನಿಧಾನವಾಗಿ, ಯಾರೋ ಕೈಹಿಡಿದು ಮಲಗಿಸಿದಂತೆ, ಎಡಕ್ಕೆ ಮಗುಚಿಕೊಂಡಿತು.

ಮೋರಿಯ ಎರಡು ಕಾಂಕ್ರೀಟ್ ಗೋಡೆಗಳ ನಡುವೆ ಪಂಜರ ಬೆಣೆಯಂತೆ ಕೂತುಬಿಟ್ಟಿತ್ತು. ಎಡಹೆಗಲು ಕೊಳವೆಗೆ ಒತ್ತಿಕೊಂಡಿತ್ತು. ಹೆಲ್ಮೆಟ್ ಎರಡು ಸರಳುಗಳ ಮಧ್ಯೆ ಸಿಕ್ಕಿ ಕತ್ತು ತಿರುಗಿಸಲಾಗುತ್ತಿರಲಿಲ್ಲ. ಬಕಲು ಒತ್ತಿದೆ. ಮೈಭಾರವೆಲ್ಲ ಪಟ್ಟಿಯ ಮೇಲಿದ್ದುದರಿಂದ ಬಿಚ್ಚಲಿಲ್ಲ. ಪೆಟ್ರೋಲಿನ ವಾಸನೆ. ಎಲ್ಲೋ ಹನಿ ಬೀಳುವ ಸದ್ದು. ಡೊಂಬಿವಲಿಯಿಂದ ಬರುವ ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ದಿನವೂ ಕೈಕಾಲು ಅಲುಗಿಸಲಾಗದೆ ನಿಂತವಳು ನಾನು. ಆದರೆ ಅಲ್ಲಿ ಠಾಣೆ ಸ್ಟೇಷನ್ ಬಂದೇ ಬರುತ್ತದೆ, ಜನ ಇಳಿದೇ ಇಳಿಯುತ್ತಾರೆ. ಇಲ್ಲಿ ಯಾವುದೂ ಬರುವುದಿರಲಿಲ್ಲ. ಕಿರುಚಬೇಕೆನಿಸಿತು.

ಯಾರೋ ಇಂಜಿನ್ ಆಫ್ ಮಾಡಿದರು. ಹುಡುಗಿ ಮೋರಿಗಿಳಿದು ಸರಳುಗಳ ಸಂದಿಯಿಂದ ನನ್ನ ಬಲಗೈ ಹಿಡಿದಳು.

"ಮ್ಯಾಡಮ್, ಹಿಲೋ ಮತ್. ಬೆಲ್ಟ್ ಖೋಲಾ ತೋ ಗರ್ದನ್ ಪೆ ಗಿರೋಗೇ." ಅಲುಗಬೇಡಿ, ಬೆಲ್ಟ್ ಬಿಚ್ಚಿದರೆ ಕತ್ತಿನ ಮೇಲೆ ಬೀಳುತ್ತೀರಿ.

"ನನಗೆ ಉಸಿರು ಕಟ್ತಾ ಉಂಟು" ಎಂದೆ.

"ಬೋಲ್ ರಹೇ ಹೋ, ಮತಲಬ್ ಸಾಂಸ್ ಹೈ." ಮಾತಾಡುತ್ತಿದ್ದೀರಿ ಎಂದರೆ ಉಸಿರಿದೆ.

ಏಳೆಂಟು ಮಂದಿ ಸೇರಿ ಎತ್ತಿದರು. ಪಂಜರ ಕದಲಲಿಲ್ಲ. ಪಕ್ಕದ ಬಿಲ್ಡಿಂಗ್ ಸೈಟಿನಿಂದ ಕ್ರೇನ್ ತರಲು ಇಬ್ಬರು ಓಡಿದರು. ಅದು ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ನನ್ನ ಕಣ್ಣೆದುರು ಇದ್ದದ್ದು ಒಂದೇ: ಗಾಳಿಯಲ್ಲಿ ಮೇಲೆದ್ದು, ಬಲಕ್ಕೆ ಪೂರ್ತಿ ತಿರುಗಿ ನಿಂತ ಬಲಚಕ್ರ. ಅದರ ರಾಡೂ ತೋಳೂ ಸ್ಕೇಲಿಟ್ಟು ಗೆರೆ ಎಳೆದಷ್ಟು ನೇರವಾಗಿದ್ದವು. ಕತ್ತು ತಿರುಗಿಸುವಂತಿರಲಿಲ್ಲ. ಕಣ್ಣು ಮುಚ್ಚಿದರೆ ಹೆದರಿಕೆ ಹೆಚ್ಚುತ್ತಿತ್ತು. ನೋಡುತ್ತಲೇ ಇದ್ದೆ.

"ನೀನು ಹೇಳಿದ್ದೇ ಸರಿ" ಎಂದೆ.

"ಅಭೀ ನಹೀ, ಮ್ಯಾಡಮ್" ಎಂದಳು. ಈಗ ಬೇಡ. ಕೈ ಬಿಡಲಿಲ್ಲ.

ಎಡಹೆಗಲ ಮೂಳೆ ಬಿರುಕು ಬಿಟ್ಟಿತ್ತು. ಮೂರನೆಯ ದಿನ ವಿಭಾಗದ ಮುಖ್ಯಸ್ಥರು ಫೋನ್ ಮಾಡಿದರು. ವರದಿಯಲ್ಲಿ ವಿದ್ಯಾರ್ಥಿನಿಯ ಡಿಸೈನ್ ತಪ್ಪು ಎಂದು ಬರೆಯಿರಿ, ಅವಳು ಹೇಗೂ ಪಾಸಾಗಿ ಹೋಗುವವಳು, ನಿಮ್ಮ ಪ್ರಮೋಷನ್ ಈ ವರ್ಷ ಇದೆ ಎಂದರು. ನಾನು ಆಗುವುದಿಲ್ಲ ಎನ್ನಲಿಲ್ಲ. ಯೋಚಿಸುತ್ತೇನೆ ಎಂದೆ. ಎರಡು ದಿನ ಯೋಚಿಸಿದೆ ಕೂಡ. ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ, ಕೈಯನ್ನು ಎದೆಗೆ ಕಟ್ಟಿಕೊಂಡು, ಕಿಟಕಿಯ ಗ್ರಿಲ್ಲಿನಾಚೆ ಎದುರಿನ ಬಿಲ್ಡಿಂಗಿನ ಗೋಡೆ ನೋಡುತ್ತ ಕೂತಿದ್ದೆ. ಹೀಗೆ ಬರೆದರೂ ಸಿಕ್ಕಿಬೀಳುತ್ತೇನೆ, ಹಾಗೆ ಬರೆದರೂ ಸಿಕ್ಕಿಬೀಳುತ್ತೇನೆ ಅನ್ನಿಸುತ್ತಿತ್ತು. ಕೊನೆಗೆ, ವಿದ್ಯಾರ್ಥಿನಿ ಬೇಡವೆಂದು ಹೇಳಿದ್ದಳು, ಬಳೆ ತೆಗೆಸಿದ್ದು ನಾನು ಎಂದು ಬರೆದು ಕಳಿಸಿದೆ. ತಂಡ ನನ್ನ ಕೈತಪ್ಪಿತು. ಪ್ರಮೋಷನ್ ಆ ವರ್ಷ ಆಗಲಿಲ್ಲ.

ವರದಿಯ ವಿಷಯ ಹುಡುಗಿಗೆ ಹೇಳಿದಾಗ ಅವಳು ಥ್ಯಾಂಕ್ಸ್ ಎನ್ನಲಿಲ್ಲ. "ಸಚ್ ಹೀ ತೋ ಲಿಖಾ" ಎಂದಳು. ನಿಜವನ್ನೇ ತಾನೆ ಬರೆದದ್ದು?

ಅಷ್ಟರಲ್ಲಿ ಅವಳು ಸರಳನ್ನು ಒಂದಿಂಚು ಮುಂದಕ್ಕೆ ಕೂರಿಸಿ, ತೋಳಿನ ಕೋನ ಬದಲಿಸಿದ್ದಳು. ಚಕ್ರ ಮೊದಲಿಗಿಂತ ಹೆಚ್ಚು ತಿರುಗುತ್ತಿತ್ತು, ಆದರೆ ರಾಡೂ ತೋಳೂ ನೇರ ಗೆರೆಗೆ ಬರುತ್ತಿರಲಿಲ್ಲ. ನನ್ನ ಕೈಯ ಕಟ್ಟು ಬಿಚ್ಚಿದ ಮೇಲೆ, ಅದನ್ನು ಓಡಿಸಿ ನೋಡುವ ದಿನ ನನ್ನನ್ನೂ ಕರೆದಳು. ಭಾರ ಹೊತ್ತ ಗಾಡಿಯನ್ನು ದಿಬ್ಬಕ್ಕೆ ಹತ್ತಿಸಿ, ಬಲಕ್ಕೂ ಎಡಕ್ಕೂ ತಿರುಗಿಸಿ ತೋರಿಸಿದಳು. ಆಮೇಲೆ ಹೆಲ್ಮೆಟ್ ನನ್ನ ಕಡೆ ಚಾಚಿ, "ಬೈಠೋಗೇ?" ಎಂದು ಕೇಳಿದಳು. ಕೂರುತ್ತೀರಾ? ತಮಾಷೆಗಲ್ಲ, ನಿಜವಾಗಿಯೇ.

ಪಂಜರದೊಳಗೆ ನೇತಾಡುತ್ತಿದ್ದ ಆ ಐದು ಪಟ್ಟಿಗಳನ್ನು ನೋಡಿದೆ.

"ನನ್ನಿಂದ ಆಗುದಿಲ್ಲ" ಎಂದೆ.

ಅವಳು ತಲೆಯಾಡಿಸಿ ತಾನೇ ಒಳಗೆ ಕೂತಳು. ನಾನು ಬಾಗಿ, ಅವಳ ಹೆಗಲಿನ ಪಟ್ಟಿ ಬಿಗಿದೆ.