ಹನ್ನೊಂದನೆಯ ಸೊಪ್ಪು

ನಮ್ಮ ಶಾಲೆಯ ಅಡುಗೆಯ ವೇಶುಅಮ್ಮ ಯಾವ ಸೊಪ್ಪನ್ನೂ ಮೂಸದೆ ಹೆಚ್ಚುತ್ತಿರಲಿಲ್ಲ. ಪ್ರತಿ ಕಂತೆಯಿಂದ ಒಂದೆಲೆ ಕಿತ್ತು, ಅಂಗೈಯಲ್ಲಿ ಹೊಸಕಿ, ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತಿದ್ದರು. ಅದಕ್ಕೆ ಕಾರಣವಿತ್ತು. ಅವರಿಗೆ ಆರು ವರ್ಷವಾಗಿದ್ದಾಗ, ಮನೆಯಲ್ಲಿ ಅಕ್ಕಿಯಿಲ್ಲದ ಒಂದು ಕರ್ಕಟಕ ಮಾಸದಲ್ಲಿ, ತಾಯಿ ಮಳೆಯಲ್ಲಿ ಕಿತ್ತು ತಂದ ಸೊಪ್ಪಿನೊಳಗೆ ದತ್ತೂರಿ ಸೇರಿಕೊಂಡಿತ್ತು. ವೇಶುವಿಗೆ ಅಂದು ಜ್ವರ, ಊಟ ಬೇಡವೆಂದಿದ್ದಳು. ತಂಗಿ ಉಂಡಿದ್ದಳು. ಸಂಜೆಯವರೆಗೂ ಆ ಮಗು ಇಲ್ಲದ ಚಿಟ್ಟೆಗಳನ್ನು ಗಾಳಿಯಲ್ಲಿ ಹಿಡಿಯುತ್ತಿತ್ತಂತೆ. ಆಮೇಲೆ ಹಿಡಿಯಲಿಲ್ಲ.

ನಾನು ಅದೇ ಶಾಲೆಯ ಹೆಡ್ ಮಾಸ್ಟರು. ಇಪ್ಪತ್ತು ವರ್ಷ ಪರಿಸರ ಪಾಠವನ್ನು ಗೋಡೆಯ ಚಿತ್ರಪಟ ತೋರಿಸಿಯೇ ಮುಗಿಸಿದವನು. ಪಟದ ಹಸಿರು ಮಾಸಿ ನೀಲಿಯಾಗಿತ್ತು. ನಮ್ಮ ಮಕ್ಕಳು ಎಲೆ ಎಂದರೆ ನೀಲಿ ಎಂದು ಬರೆದರೂ ನಾನು ಅಂಕ ಕೊಡುತ್ತಿದ್ದೆ. ಕೊನೆಗೆ ನನಗೇ ನಾಚಿಕೆಯಾಗಿ ಬುಧವಾರದ ಪಾಠವನ್ನು ವೇಶುಅಮ್ಮನಿಗೆ ಒಪ್ಪಿಸಿದೆ. ಅವರು ಮಕ್ಕಳನ್ನು ಬೇಲಿ, ತೋಡು, ಗದ್ದೆಯ ಬದು ಎಂದು ಸುತ್ತಿಸುತ್ತಿದ್ದರು. ಮೊದಲು ಮುಟ್ಟಬೇಕು, ಆಮೇಲೆ ಹೊಸಕಬೇಕು, ಮೂಸಬೇಕು. ಹೆಸರು ಕೊನೆಗೆ. ಮೂರನೇ ತರಗತಿಯ ಮಕ್ಕಳು ಎರಡೇ ತಿಂಗಳಲ್ಲಿ ನನಗಿಂತ ಬುದ್ಧಿವಂತರಾದರು. ಅದಕ್ಕೆ ಹೆಚ್ಚು ಕಾಲ ಬೇಕಾಗಿರಲಿಲ್ಲ ಬಿಡಿ.

ಮಳೆಗಾಲದ ಕರ್ಕಟಕ ತಿಂಗಳಲ್ಲಿ ಹತ್ತು ಬಗೆಯ ಸೊಪ್ಪು ಸೇರಿಸಿ ಪಲ್ಯ ಮಾಡುವುದು ನಮ್ಮ ಕಡೆಯ ವಾಡಿಕೆ. ಈ ವರ್ಷ ಮಕ್ಕಳೇ ಆ ಹತ್ತು ಸೊಪ್ಪು ಕಿತ್ತು ತಂದು ಶಾಲೆಯಲ್ಲಿ ಪಲ್ಯ ಮಾಡುವುದೆಂದಾಯಿತು. ಹತ್ತರಲ್ಲಿ ತುರಚೆ ಒಂದು. ಮಕ್ಕಳ ಕೈ ತುರಿಸೀತೆಂದು ನಾನು ಪಟ್ಟಿಯಲ್ಲಿ ಅದನ್ನು ಹೊಡೆದುಹಾಕಿ ನುಗ್ಗೆ ಎಂದು ಬರೆದೆ. ವೇಶುಅಮ್ಮ ಬೇಡವೆಂದರು. ನುಗ್ಗೆಮರ ಬಾವಿಯ ವಿಷವನ್ನೆಲ್ಲ ಹೀರಿ ಈ ತಿಂಗಳಲ್ಲಿ ಎಲೆಗೆ ತರುತ್ತದೆ ಎಂಬುದು ನಮ್ಮವರ ನಂಬಿಕೆ. ನಾನು ಅವರಿಗೆ ಕಾಲು ಗಂಟೆ ವಿಜ್ಞಾನ ಹೇಳಿದೆ. ಅವರು ಅಕ್ಕಿ ಆರಿಸುತ್ತ ಕೇಳಿದರು. ನುಗ್ಗೆ ಪಟ್ಟಿಯಲ್ಲೇ ಉಳಿಯಿತು. ಕಿತ್ತದ್ದರಲ್ಲಿ ಅರ್ಧ ಮನೆಗೂ ಕೊಟ್ಟು ಬನ್ನಿ, ಮನೆಯವರೂ ಕಲಿಯಲಿ ಎಂದು ಮಕ್ಕಳಿಗೆ ಹೇಳಿದವನೂ ನಾನೇ.

ಆ ದಿನ ಬೆಳಗ್ಗೆಯೇ ಕತ್ತಲು ಕವಿದು ಮಳೆ ಬಿಡದೆ ಸುರಿಯುತ್ತಿತ್ತು. ಎಂಬತ್ತನಾಲ್ಕು ಮಕ್ಕಳು ಒದ್ದೆ ಸೊಪ್ಪು ಹಿಡಿದು ವೇಶುಅಮ್ಮನ ಮೂಗಿನ ಕೆಳಗೆ ನೂಕಾಡಿದರು. ಅವರು ಹೊಸಕಿದರು, ಮೂಸಿದರು, ತಲೆಯಾಡಿಸಿದರು. ಜಗಲಿಯಲ್ಲಿ ಹತ್ತು ರಾಶಿಯಾಯಿತು. ಫೋಟೋಗೆಂದು ವಾರ್ಡ್ ಮೆಂಬರ್ ದಿವಾಕರನ್ ಬಂದು ಕುಳಿತರು.

ಹನ್ನೆರಡಕ್ಕೆ ವೇಶುಅಮ್ಮ ನನ್ನನ್ನು ಅಡುಗೆಮನೆಗೆ ಕರೆಸಿದರು. ಪಲ್ಯ ಬೆಂದಿತ್ತು. ಬಡಿಸುವ ಮೊದಲು ಒಬ್ಬ ಮಾಸ್ಟರು ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕೆಂಬುದು ನಿಯಮ. ನಾನು ಸೋಮವಾರವೇ ಶುಕ್ರವಾರದವರೆಗಿನ ರುಚಿ ನೋಡಿ ಮುಗಿಸುತ್ತಿದ್ದೆ. ಅದಕ್ಕೇ ಕರೆದರೇನೋ ಎಂದು ಅಳುಕಿದೆ. ಅವರು ಕಸದ ಬುಟ್ಟಿಯಿಂದ ಒಂದು ದಂಟು ಎತ್ತಿ ಹಿಡಿದರು. ನೇರಳೆ ಬಣ್ಣದ್ದು. ಹರಿವೆ ಎಂದೆ.

"ಹರಿವೆ ಅಲ್ಲ ಮಾಷೇ. ಇದು ಹತ್ತರಲ್ಲಿ ಯಾವ್ದೂ ಅಲ್ಲ. ದತ್ತೂರಿಯೋ ಏನೋ, ಮೂಸಿ ನೋಡಿ."

ಮೂಸಿದೆ. ಏನೋ ಕೆಟ್ಟ ನಾತ. ನೀವೇ ಬೆಳಗ್ಗೆ ಎಲ್ಲ ಮೂಸಿದಿರಲ್ಲ ಎಂದೆ.

"ನನ್ನ ಮೂಗು ಸತ್ತು ಹತ್ತು ತಿಂಗಳಾಯ್ತು. ಹೋದ ವರ್ಷದ ಆ ಜ್ವರದಲ್ಲಿ ಹೋದದ್ದು, ಬರಲೇ ಇಲ್ಲ."

"ಮತ್ತೆ ದಿನಾ ಮೂಸ್ತಿದ್ದದ್ದು?"

"ಮಕ್ಳು ನೋಡ್ತಿರ್ತಾವಲ್ಲ. ಹೇಳಿದ್ರೆ ಕೆಲ್ಸ ಹೋಗ್ತದೆ ಅಂತ ಹೆದ್ರಿಕೆ."

ಒಂದೇ ದಂಟು, ಎಲೆ ಅಂಗಳದಲ್ಲೆಲ್ಲೋ ಉದುರಿರಬಹುದು ಎಂದೆ. ಹೊರಗೆ ಮೆಂಬರ್ ಕಾಯುತ್ತಿದ್ದಾರೆ ಎಂದೂ ಹೇಳಿದೆನೆಂದು ನೆನಪು. ವೇಶುಅಮ್ಮ ಕೊಪ್ಪರಿಗೆಯ ಒಂದು ಕಿವಿ ಹಿಡಿದು ನನ್ನನ್ನು ನೋಡಿದರು. ಇನ್ನೊಂದು ಕಿವಿ ನಾನು ಹಿಡಿದೆ. ಪಲ್ಯವನ್ನೆಲ್ಲ ಗೊಬ್ಬರದ ಗುಂಡಿಗೆ ಸುರಿದು ಮಣ್ಣೆಳೆದೆವು. ದಿವಾಕರನ್ ಕೊಡೆ ಹಿಡಿದು ಬಂದು, ಊಟದ ಫೋಟೋ ಅಂತ ಕರೆದು ಹೂಳೋದು ತೋರಿಸ್ತೀರಲ್ಲ ಮಾಷೇ ಎಂದರು.

ವೇಶುಅಮ್ಮ ದಂಟು ಹಿಡಿದು ತರಗತಿಗೆ ಹೋದರು. ಗದರಿಸಲಿಲ್ಲ. ಇದು ಯಾರದು ಮಕ್ಕಳೇ ಎಂದರು, ಅಷ್ಟೆ. ಮೂರನೆಯ ತರಗತಿಯ ಆರ್ದ್ರಾ ಹೆಮ್ಮೆಯಿಂದ ಎದ್ದು ನಿಂತಳು.

"ನಂದು. ಹಾಳುಬಾವಿ ಹತ್ರ ಸಿಕ್ಕಿದ್ದು. ಇಲ್ಲಿಗೊಂದೇ ಕಡ್ಡಿ ತಂದೆ, ಉಳಿದದ್ದೆಲ್ಲ ಅಮ್ಮನಿಗೆ ಕೊಟ್ಟೆ. ಮಾಷ್ ಹೇಳಿದ್ರಲ್ಲ."

ಮೂಸಿದ್ದೆಯಾ ಎಂದು ಕೇಳಿದೆ.

"ಮೂಸ್ದೆ, ನಾತ ಬಂತು. ವೇಶುಅಮ್ಮಂಗೂ ಕೊಟ್ಟೆ. ಅವ್ರು ಮೂಸಿ ತಲೆ ಆಡಿಸಿದ್ರು."

ವೇಶುಅಮ್ಮನ ಮುಖವನ್ನು ನಾನು ನೋಡಲಿಲ್ಲ. ಮಗುವಿನ ಕೈ ಹಿಡಿದು ಅವರು ಆಗಲೇ ಮಳೆಗಿಳಿದಿದ್ದರು. ಆರ್ದ್ರಾಳ ಅಮ್ಮನಿಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಗದ್ದೆಯ ಬದುವಿನಲ್ಲಿ ಅವರ ಹಿಂದೆ ಓಡಿದೆ. ಒಂದು ಚಪ್ಪಲಿ ಕೆಸರಿಗೆ ಹೋಯಿತು, ಇನ್ನೊಂದನ್ನು ನಾನೇ ಬಿಟ್ಟೆ. ಮನೆಯಲ್ಲಿ ಅಮ್ಮ, ಅಜ್ಜ ಎಷ್ಟೊತ್ತಿಗೆ ಉಣ್ಣುತ್ತಾರೆ ಎಂದು ನಾನು ಕೇಳಿದ್ದಕ್ಕೆ ಹುಡುಗಿ ಹನ್ನೆರಡಕ್ಕೆ ಎಂದಳು. ಆಗ ಹನ್ನೆರಡೂವರೆ ದಾಟಿತ್ತು.

ಮನೆಯಲ್ಲಿ ಸದ್ದಿರಲಿಲ್ಲ. ಜಗಲಿಯಲ್ಲಿ ಅಜ್ಜ ಚಾತ್ತು ಒಬ್ಬರೇ ಕುಳಿತಿದ್ದರು. ಅವರ ಬಲಗೈ ಗಾಳಿಯಲ್ಲಿ ಏನನ್ನೋ ಹಿಡಿಯುತ್ತಿತ್ತು. ವೇಶುಅಮ್ಮ ಅಂಗಳದಲ್ಲೇ ನಿಂತುಬಿಟ್ಟರು. ನಾನು ಹತ್ತಿರ ಹೋಗಿ ಆ ಕೈಯ ಸುತ್ತ ಹುಡುಕಿದೆ. ನೊಣವಿತ್ತು. ಅಷ್ಟು ಪ್ರೀತಿಯಿಂದ ನಾನು ನೊಣವನ್ನು ಎಂದೂ ನೋಡಿದವನಲ್ಲ.

"ಕರ್ಕಟಕದಲ್ಲಿ ನುಗ್ಗೆಸೊಪ್ಪು ಹಾಕಿ ಪಲ್ಯ ಮಾಡ್ತಾರಾ ಮಾಷೇ? ಯಾವ ತಲೆಕೆಟ್ಟವ ಇವ್ಳಿಗೆ ಹೇಳ್ಕೊಟ್ಟದ್ದು?" ಎಂದು ಅಜ್ಜ ಕೇಳಿದರು. ಪಲ್ಯವನ್ನೆಲ್ಲ ಹೊರಗೆ ಚೆಲ್ಲಿಸಿದ್ದರು. ಸೊಸೆ, ಆರ್ದ್ರಾಳ ಅಮ್ಮ, ಹಟಕ್ಕೆ ಉಣ್ಣದೆ ಒಳಗೆ ಮಲಗಿದ್ದಳು.

ಆ ತಲೆಕೆಟ್ಟವ ಅಂಗಳಕ್ಕಿಳಿದು ಚೆಲ್ಲಿದ ಪಲ್ಯವನ್ನು ಹುಡುಕಿದ.

ಬಾಳೆಯ ಬುಡದಲ್ಲಿ ಪಲ್ಯ ಮಳೆಗೆ ಕರಗುತ್ತಿತ್ತು. ಒಲೆಯ ಪಕ್ಕ ಉಳಿದಿದ್ದ ಹಸಿ ಎಲೆಯೊಂದನ್ನು ವೇಶುಅಮ್ಮ ತೆಗೆದು, ಹೊಸಕಿ, ಅಭ್ಯಾಸಬಲದಿಂದ ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ಆಮೇಲೆ ಅಂಗೈಯನ್ನು ಆರ್ದ್ರಾಳ ಕಡೆ ಚಾಚಿದರು.

"ನೀನು ಮೂಸು ಮಗಳೇ. ಇನ್ಮೇಲೆ ನಿಂಗೆ ನಾತ ಬಂದ್ರೆ ನಾತವೇ. ನಾನು ತಲೆ ಆಡಿಸಿದ್ರೂ ಕೇಳ್ಬೇಡ."

ಮರುದಿನ ಅಡುಗೆಮನೆಯ ಬೀಗದಕೈ ನನ್ನ ಮೇಜಿನ ಮೇಲಿತ್ತು. ಬುಧವಾರ ಮಾತ್ರ ಅವರು ಬರುತ್ತಾರೆ; ಅವರು ಹೊಸಕುತ್ತಾರೆ, ಮಕ್ಕಳು ಮೂಸುತ್ತಾರೆ. ಹಾಳುಬಾವಿಯ ಗಿಡವನ್ನು ಎರಡು ಸಲ ಕಿತ್ತೆವು. ಮತ್ತೆ ಚಿಗುರಿದೆ.

ನಾನೀಗ ದಿನವೂ ನಿಜವಾಗಿಯೇ ರುಚಿ ನೋಡುತ್ತೇನೆ. ಒಂದು ತುತ್ತು ನುಂಗಿ, ಊಟದ ಗಂಟೆ ಹೊಡೆಸುವ ಮೊದಲು ಸ್ವಲ್ಪ ಹೊತ್ತು ನನ್ನ ಕೈಗಳನ್ನೇ ನೋಡುತ್ತ ಕೂರುತ್ತೇನೆ, ಗಾಳಿಯಲ್ಲಿ ಏನನ್ನಾದರೂ ಹಿಡಿಯಹೊರಟಿವೆಯೇ ಎಂದು.