ಫೋಮು ಹೊಡೆಯುವ ನರೇಶ
ಹೆಂಚಿನ ಮಾಡಿನಡಿಗೆ ಸೆಕೆ ತಡೆಯುವ ಫೋಮು ಹೊಡೆಸಬೇಕೆಂದರೆ ಭಟ್ಕಳದಿಂದ ಕುಮಟೆಯವರೆಗೆ ಎಲ್ಲರೂ ಕರೆಯುವುದು ಮುಟ್ಟಳ್ಳಿಯ ನರೇಶನನ್ನು. ಬಂದವನು ಪಂಪನ್ನು ಗಾಡಿಯಿಂದ ಇಳಿಸುವ ಮೊದಲು ಮನೆಯ ಹೆಂಗಸರನ್ನು ಹುಡುಕಿ, "ಮಳೆಗಾಲದಲ್ಲಿ ಬಾಲ್ದಿ ಎಲ್ಲೆಲ್ಲಿ ಇಡ್ತೀರಿ, ತೋರ್ಸಿ" ಎನ್ನುತ್ತಾನೆ. ಎಲ್ಲೂ ಸೋರುವುದಿಲ್ಲ ಎನ್ನುವ ಗಂಡಸರನ್ನು ಅವನು ನಂಬುವುದಿಲ್ಲ. ಬಾಲ್ದಿ ಇಡುವಲ್ಲಿ ಮೇಲೆ ಹೆಂಚು ಹೊತ್ತ ಮರದ ಪಕಾಸುಗಳನ್ನೆಲ್ಲ ಉಗುರಿನಿಂದ ಒತ್ತಿ ನೋಡಿ, ಒಡೆದ ಹೆಂಚನ್ನು ಬದಲಾಯಿಸಿದ ಮೇಲೆಯೇ ಮುಂದಿನ ಮಾತು. "ಇದು ಒಮ್ಮೆ ಹಿಡ್ಕಂಡ್ರೆ ಹೆಂಚೆಲ್ಲ ಅಂಟ್ತದೆ. ಆಮೇಲೆ ನೀರು ಕೆಳಗೆ ಬೀಳೂದಿಲ್ಲ, ಮರದೊಳಗೆ ಕೂತ್ಕಳ್ತದೆ. ನಿಮ್ಗೆ ಗೊತ್ತಾಗೂದು ಪಕಾಸು ಮುರಿದಾಗ" ಎಂದು ತನ್ನ ಸರಕನ್ನು ತಾನೇ ದೂರುತ್ತಾನೆ. ಕೊನೆಗೆ "ಆತು" ಎಂದು ಮುಖವಾಡ ತೊಟ್ಟು ಹೊಡೆದನೆಂದರೆ, ಹಳದಿ ನೊರೆ ಇಡ್ಲಿ ಹಿಟ್ಟಿನಂತೆ ಉಬ್ಬಿ ಮಾಡಿನಡಿಯನ್ನೆಲ್ಲ ತುಂಬುತ್ತದೆ. ಮೇ ತಿಂಗಳ ಸೆಕೆ ಹೊರಗೇ ಉಳಿಯುತ್ತದೆ, ಮಳೆ ಪಕ್ಕದ ಊರಲ್ಲಿ ಸುರಿದಂತೆ ಕೇಳುತ್ತದೆ. ಇಂಥವನ ಸ್ವಂತ ಮನೆಯ ಮಾಡು ಮಾತ್ರ ಬರೀ ಹೆಂಚು. "ನಿಮ್ಮನೆಗೆ ಎಂತಕ್ಕೆ ಹೊಡೀಲಿಲ್ಲ?" ಎಂದು, ತನ್ನ ಮನೆಗೆ ಫೋಮು ಹೊಡೆಸಿದ ದಿನ ಶಿರಾಲಿಯ ಮಾಲತಕ್ಕ ಕೇಳಿಯೇಬಿಟ್ಟಳು. ಅವನ ಅಪ್ಪ ತಿಮ್ಮಪ್ಪ ನಲವತ್ತು ವರ್ಷ ಇದೇ ಊರುಗಳ ಮಾಡು ಹತ್ತಿ ಹೆಂಚು ಸರಿಪಡಿಸಿದವನು. ಈಗ ಕಣ್ಣು ಕಾಣುವುದಿಲ್ಲ. "ಮಳೆ ಬಂದ್ರೆ ಅಪ್ಪ ಮಲಗಿದಲ್ಲಿಂದಲೇ ಸದ್ದು ಕೇಳಿ ಹೇಳ್ತಾನೆ, ಬಡಗು ಬದಿ ಮೂರನೇ ಸಾಲಲ್ಲಿ ಹೆಂಚು ಜಾರಿದೆ ಅಂತ. ಹತ್ತಿ ನೋಡಿದ್ರೆ ಅಲ್ಲೇ ಜಾರಿರ್ತದೆ. ಸದ್ದು ನಿಲ್ಸಿದ್ರೆ ಅವ್ನ ಕೆಲಸ ಹೋಗ್ತದೆ" ಎಂದ ನರೇಶ ಪೈಪು ಸುತ್ತತೊಡಗಿದ. ಯಾವ ಹೆಂಚೂ ಜಾರದ ವರ್ಷ ತಾನೇ ಮಾಡು ಹತ್ತಿ, ಒಂದನ್ನು ಬೆರಳಷ್ಟು ಸರಿಸಿ ಬರುತ್ತೇನೆಂಬುದನ್ನು ಅವನು ಮಾಲತಕ್ಕನಿಗೆ ಹೇಳಲಿಲ್ಲ.