ಸುಮ್ಮನೆ ಮಾಡಿದೆ

ಫೋನಿನಲ್ಲಿ ಕೇಳಿಬರುವ ಮಾತುಗಳಲ್ಲಿ ನನಗೆ ಬಹುಕಾಲ ಸಿಟ್ಟು ತರಿಸುತ್ತಿದ್ದುದು ‘ಸುಮ್ಮನೆ’ ಎಂಬ ಪದ. ಒಗ್ಗರಣೆಯ ಸಾಸಿವೆ ಸಿಡಿಯುವ ಹೊತ್ತಿಗೇ ಗಣಗಣಿಸುವುದು ನಮ್ಮ ಮನೆಯ ಫೋನಿನ ಜನ್ಮಸಿದ್ಧ ಹಕ್ಕು. ಸೌಟು ಹಿಡಿದೇ ಓಡಿಹೋಗಿ ‘ಏನು ಸಮಾಚಾರ?’ ಎಂದರೆ, ಆ ಕಡೆಯಿಂದ ‘ಏನಿಲ್ಲ, ಸುಮ್ಮನೆ ಮಾಡಿದೆ’ ಎಂಬ ಉತ್ತರ. ಸುಮ್ಮನೆ ಮಾಡುವವರು ಸುಮ್ಮನಿರಬಾರದೇ? ವಿಮಾ ಕಚೇರಿಯಲ್ಲಿ ಆಯುಷ್ಯ ಸವೆಸಿ, ಕಾರಣ ನಮೂದಿಸದ ಒಂದೇ ಒಂದು ಅರ್ಜಿಯನ್ನೂ ಮೇಜು ದಾಟಲು ಬಿಡದೆ ನಿವೃತ್ತಳಾದ ನನಗೆ ನಿಷ್ಕಾರಣ ದೂರವಾಣಿ ಕರೆಯೆಂದರೆ ಅಲರ್ಜಿ. ಬಂಧುವರ್ಗದಲ್ಲಿ ನನಗೆ ‘ಎರಡು ನಿಮಿಷದ ಪದ್ಮಾ’ ಎಂಬ ಬಿರುದು ಸಂದಿರುವುದು ಇದೇ ಕಾರಣಕ್ಕೆ. ಒಂದೂವರೆಯಾಗಿದ್ದರೂ ನನಗೇನೂ ಬೇಸರವಿರಲಿಲ್ಲ.

ಯೋಚಿಸಿದರೆ ವಿಚಿತ್ರ ಪದವಿದು. ‘ಸುಮ್ಮನೆ ಬಂದೆ’ ಎಂದರೆ ಕಾರಣವಿಲ್ಲ ಎಂದರ್ಥ, ‘ಸುಮ್ಮನಿರು’ ಎಂದರೆ ಬಾಯಿ ಮುಚ್ಚು ಎಂದರ್ಥ. ಕಾರಣವಿಲ್ಲದಿರುವುದೂ ಮಾತಿಲ್ಲದಿರುವುದೂ ನಮ್ಮ ಭಾಷೆಯಲ್ಲಿ ಒಂದೇ ಸೂರಿನಡಿ ಬಿಡಾರ ಹೂಡಿವೆ. ತಮಿಳಿನಲ್ಲಿ ಇದಕ್ಕೊಬ್ಬಳು ತಂಗಿಯಿದ್ದಾಳೆ, ‘ಸುಮ್ಮಾ’. ನಲವತ್ತು ವರ್ಷ ತಮಿಳರ ರಾಜಧಾನಿಯ ವೆಸ್ಟ್ ಮಾಂಬಲಂ ಬಡಾವಣೆಯಲ್ಲಿದ್ದು ನನ್ನ ಮೈಸೂರು ಕನ್ನಡಕ್ಕೆ ಅಷ್ಟಿಷ್ಟು ತಮಿಳಿನ ಹುಳಿ ಬಿದ್ದಿರುವುದರಿಂದ, ಇವರಿಬ್ಬರಲ್ಲಿ ಯಾರನ್ನು ಯಾವಾಗ ಕರೆಯುತ್ತಿದ್ದೇನೆಂಬುದು ನನಗೇ ತಿಳಿಯುವುದಿಲ್ಲ. ಈ ದ್ವಿಭಾಷಾ ಪಾಂಡಿತ್ಯವೇ ನನ್ನನ್ನು ಊರಿನ ಇನ್ನೊಂದು ತುದಿಯ ರಾಯಪುರಂವರೆಗೆ ಎಳೆದೊಯ್ದಿತು.

ಎಳೆದೊಯ್ದವಳು ನಮ್ಮ ಕೆಳಮನೆಯ ಸೆಲ್ವಿ. ನಲವತ್ತರ ಆಸುಪಾಸಿನ ಹೆಂಗಸು. ಮುಡಿಯಲ್ಲಿ ದಿನವೂ ಮೊಳ ಮಲ್ಲಿಗೆ, ಆಟೋದವರೊಡನೆ ದಿನವೂ ಒಂದು ಜಗಳ. ಕೆಲಸವೇನೆಂದು ಕೇಳಿದವರಿಗೆಲ್ಲ ‘ಟೈಲರಿಂಗ್ ಕ್ಲಾಸು’ ಎನ್ನುತ್ತಿದ್ದಳು. ನಾನೂ ನಂಬಿ ಒಂದು ರವಿಕೆ ಹೊಲಿಯಲು ಕೊಟ್ಟಿದ್ದೆ. ಅದು ಮೂರು ತಿಂಗಳ ನಂತರ ಕತ್ತರಿಯನ್ನೂ ಕಾಣದೆ ಹಿಂದಿರುಗಿತು. ಆಗ ಸೆಲ್ವಿ ನಾಚಿಕೊಂಡು ನಿಜ ಹೇಳಿದಳು. ರಾಯಪುರಂನ ಮಹಡಿಯೊಂದರ ಮೇಲೆ, ಬಾಗಿಲಲ್ಲಿ ಹೊಲಿಗೆ ತರಗತಿಯ ಬೋರ್ಡಿರುವ ಎರಡು ಕೋಣೆಗಳಲ್ಲಿ, ಗಂಡನ ಮನೆಯಲ್ಲಿ ಏಟು ತಿನ್ನುವ ಹೆಂಗಸರ ಅಹವಾಲು ಕೇಳಿ ಆಸರೆ ಒದಗಿಸುವ ಆರು ಮಂದಿಯಲ್ಲಿ ಅವಳೊಬ್ಬಳು. ಬರುವವರಿಗೆ ಇವರು ಹೇಳಿಕೊಡುವ ಮೊದಲ ಉಪಾಯ, ಕೈಯಲ್ಲೊಂದು ರವಿಕೆ ಕಣ ಹಿಡಿದು ಬನ್ನಿ ಎಂಬುದು; ದಾರಿಯಲ್ಲಿ ಯಾರಾದರೂ ಎಲ್ಲಿಗೆಂದು ತಡೆದು ಕೇಳಿದರೆ ಅದೇ ಉತ್ತರ. ಆ ಕೋಣೆಯ ಕಪಾಟಿನಲ್ಲಿ ಹೊಲಿಯದ ಕಣಗಳ ರಾಶಿಯೇ ಇದೆ.

ಕೆಲವೊಮ್ಮೆ ಕನ್ನಡ ಮಾತ್ರ ಬಲ್ಲವರ ಫೋನು ಬರುತ್ತದೆ, ಬಂದು ಕೂರುತ್ತೀರಾ ಎಂದು ಸೆಲ್ವಿ ಕೇಳಿದಾಗ, ಪರೋಪಕಾರವೆಂಬ ಪದಕ್ಕೆ ನಿವೃತ್ತರು ಬೀಳುವಷ್ಟು ಬೇಗ ಬೇರಾರೂ ಬೀಳುವುದಿಲ್ಲವಾದ್ದರಿಂದ, ಒಪ್ಪಿಬಿಟ್ಟೆ. ಬುಧವಾರಗಳಂದು ಮಾಂಬಲಂನಲ್ಲಿ ರೈಲು ಹತ್ತಿ, ಬೀಚ್ ಸ್ಟೇಷನ್ನಿನಲ್ಲಿ ಇಳಿದು, ಬಸ್ಸು ಹಿಡಿದು ಹೋಗುತ್ತಿದ್ದೆ. ನಾಲ್ಕು ಬುಧವಾರ ಏನೂ ಆಗಲಿಲ್ಲ. ಐದನೆಯ ಬುಧವಾರ ಫೋನು ನನ್ನ ಕೈಗೆ ಬಂತು. ಆ ಕಡೆ ಉಡುಪಿಯ ಸೊಲ್ಲು, ಎಳೆಯ ದನಿ.

“ಎಂತ ಇಲ್ಲ ಅಕ್ಕ, ಸುಮ್ಮನೆ ಮಾಡಿದ್ದು.”

ಅಭ್ಯಾಸಬಲವೆಂಬುದು ಎಷ್ಟು ಕ್ರೂರಿ ನೋಡಿ! “ಓ, ಸರಿಯಮ್ಮ, ಬೇಕಾದಾಗ ಮಾಡು” ಎಂದು ನಾನು ಮರ್ಯಾದಸ್ಥಳಂತೆ ಫೋನಿಟ್ಟು, ಸೆಲ್ವಿಯ ಕಡೆ ತಿರುಗಿ, “ಒಣ್ಣುಮಿಲ್ಲೆ, ಸುಮ್ಮಾ ಪಣ್ಣಾಳಾಂ” ಎಂದು ತರ್ಜುಮೆಯನ್ನೂ ಒಪ್ಪಿಸಿದೆ. ಏನಿಲ್ಲವಂತೆ, ಸುಮ್ಮನೆ ಮಾಡಿದಳಂತೆ. ತರ್ಜುಮೆಯಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಸೆಲ್ವಿ ಕೈಲಿದ್ದ ಟೀ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

“ಇಂದ ನಂಬರುಕ್ಕು ಯಾರುಮ್ ಸುಮ್ಮಾ ಪಣ್ಣ ಮಾಟ್ಟಾಂಗಮ್ಮಾ” ಎಂದಳು. ಈ ನಂಬರಿಗೆ ಯಾರೂ ಸುಮ್ಮನೆ ಮಾಡುವುದಿಲ್ಲ.

ತಿರುಗಿ ಮಾಡೋಣವೆಂದು ನಾನು ಫೋನಿಗೆ ಕೈಹಾಕಿದರೆ ಅವಳು ತಡೆದಳು. ಇವರು ಎಂದೂ ತಾವಾಗಿ ತಿರುಗಿ ಫೋನ್ ಮಾಡುವುದಿಲ್ಲ. ಆ ಕಡೆ ಎತ್ತುವ ಕೈ ಯಾರದೋ ಗೊತ್ತಿಲ್ಲವಲ್ಲ. ಆ ಹುಡುಗಿ ತಾನಾಗಿ ಮತ್ತೆ ಮಾಡಬೇಕು, ಮಾಡುವ ಧೈರ್ಯ ಎರಡನೆಯ ಸಲವೂ ಬರಬೇಕು, ಅಲ್ಲಿಯವರೆಗೆ ಅವಳು ಕ್ಷೇಮವಾಗಿರಬೇಕು. ಸೆಲ್ವಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನದಿಂದ ನಾನು ಬುಧವಾರವೆಂದು ನೋಡದೆ ದಿನವೂ ಹೋಗತೊಡಗಿದೆ. ಕಾಯುವ ಕೆಲಸದಲ್ಲಿ ನೆನಪುಗಳು ಕರೆಯದೆ ಬಂದು ಕೂರುತ್ತವೆ. ನನ್ನ ಪಕ್ಕದಲ್ಲಿ ಬಂದು ಕುಳಿತವಳು ಇಂದಿರಕ್ಕ, ನನ್ನ ದೊಡ್ಡಮ್ಮನ ಮಗಳು. ಅವಳ ಸಂಸಾರವೂ ಒಂದು ಕಾಲಕ್ಕೆ ಈ ಊರಿನಲ್ಲೇ ಇತ್ತು. ತಿಂಗಳಿಗೆರಡು ಸಲ, ನಡು ಮಧ್ಯಾಹ್ನ, ಬಿಸಿಲಲ್ಲಿ ನಡೆದು ನನ್ನ ಕಚೇರಿಗೆ ಬರುತ್ತಿದ್ದಳು. ‘ಏನೇ ಅಕ್ಕ?’ ಎಂದರೆ ‘ಸುಮ್ಮನೆ ಬಂದೆ ಕಣೇ’. ನಾನು ಕಾಫಿ ತರಿಸಿ, ಗಡಿಯಾರದ ಮೇಲೊಂದು ಫೈಲಿನ ಮೇಲೊಂದು ಕಣ್ಣಿಟ್ಟು ಹೂಂಗುಟ್ಟುತ್ತಿದ್ದೆ. ಅವಳು ಅರ್ಧ ಗಂಟೆ ಕೂತು, ಸೆರಗು ಸರಿಮಾಡಿಕೊಂಡು ಎದ್ದು ಹೋಗುತ್ತಿದ್ದಳು. ಒಮ್ಮೆ ಮಾತ್ರ, ಮನೆಯಲ್ಲಿ ಸರಿಯಿಲ್ಲ ಎಂದು ಶುರುಮಾಡಿದ್ದಳು. ನಾನು ನಕ್ಕು, ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂಬ ಗಾದೆಯನ್ನು ಅವಳ ಮುಂದಿಟ್ಟೆ. ಉಣ್ಣಲು ಕೊಡದಿದ್ದರೆ ಏನೆಂದು ಆ ಗಾದೆಯೂ ಹೇಳುವುದಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಅವಳು ಕಚೇರಿಗೆ ಬರುವುದನ್ನು ನಿಲ್ಲಿಸಿದಳು. ಭಾವ ತೀರಿಹೋದ ಮೇಲೆ ಮಗಳ ಜೊತೆ ಮೈಸೂರಿಗೆ ಹೋದವಳು ಈಗಲೂ ನನಗೆ ಫೋನ್ ಮಾಡುತ್ತಾಳೆ, ಸುಮ್ಮನೆ. ನಾನು ಎರಡು ನಿಮಿಷದಲ್ಲಿ ಇಡುತ್ತೇನೆ. ರಾಯಪುರಂನ ಆ ಮುರುಕು ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೆನೆದಾಗ ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಹನ್ನೊಂದನೆಯ ದಿನ ಆ ದನಿ ಮತ್ತೆ ಬಂತು. “ಎಂತ ಇಲ್ಲ ಅಕ್ಕ, ಸುಮ್ಮನೆ...” ಸೆಲ್ವಿ ನನ್ನ ಕಿವಿಯ ಬಳಿ ಬಗ್ಗಿ, ‘ಕೂತಿದ್ದೇನೆ ಎನ್ನಿ, ಬೇರೇನೂ ಬೇಡ’ ಎಂದು ಪಿಸುಗುಟ್ಟಿದಳು.

“ನಾನು ಇಲ್ಲೇ ಕೂತ್ಕೊಂಡಿದ್ದೀನಿ ಕಣಮ್ಮ” ಎಂದೆ. “ನನಗೇನೂ ಅವಸರ ಇಲ್ಲ.”

ಅವಳು ಕುಚ್ಚಲಕ್ಕಿಯ ಮಾತೆತ್ತಿದಳು; ಈ ಊರಲ್ಲಿ ಸಿಗುವುದೆಲ್ಲ ಬಿಳಿ ಅಕ್ಕಿ, ಗಂಜಿ ಮಾಡಿದರೆ ಊರಿನ ರುಚಿ ಬರುವುದಿಲ್ಲ ಎಂದಳು. ಗಂಡನಿಗೆ ಅಂಬತ್ತೂರಿನ ಹೋಟೆಲೊಂದರಲ್ಲಿ ಅಡುಗೆ ಕೆಲಸ, ತನಗೆ ತಮಿಳು ಬಾರದು, ಫೋನು ಪಕ್ಕದ ಮನೆಯವರದು. ಹತ್ತು ನಿಮಿಷ ನಾವು ಗಂಜಿಯ ಬಗ್ಗೆಯೇ ಮಾತಾಡಿದೆವು. ಫೋನಿಗೆ ಕಿವಿಯಾನಿಸಿದ್ದ ಸೆಲ್ವಿ ಕಣ್ಣಲ್ಲೇ, ಮುಂದುವರಿಸಿ ಎನ್ನುತ್ತಿದ್ದಳು.

“ಮೊನ್ನೆ ಇವರು ಬಿಸಿ ಗಂಜಿ ನನ್ನ ಕೈ ಮೇಲೆ ಹೊಯ್ದ್ರು ಅಕ್ಕ.”

“ಯಾಕಮ್ಮ?”

“ಸುಮ್ಮನೆ.”

ಆ ಒಂದು ಪದವನ್ನು ನಾನು ತರ್ಜುಮೆ ಮಾಡಬೇಕಾಗಲಿಲ್ಲ. ಸೆಲ್ವಿ ಆಗಲೇ ಕಾಗದ ಎಳೆದುಕೊಂಡಿದ್ದಳು. ಎರಡು ದಿನದ ನಂತರ ಆ ಹುಡುಗಿ, ಸುಟ್ಟ ಕೈಯನ್ನು ರವಿಕೆ ಕಣದಲ್ಲಿ ಮರೆಮಾಡಿಕೊಂಡು ಮಹಡಿ ಹತ್ತಿ ಬಂದಳು. ಆಸ್ಪತ್ರೆ, ಪೊಲೀಸ್ ಠಾಣೆ, ವಕೀಲರು ಎಂದು ಸೆಲ್ವಿ ಅವಳ ಹಿಂದೆ ಮುಂದೆ ಓಡಾಡಿದಳು. ಅವಳೀಗ ಎಲ್ಲಿದ್ದಾಳೆಂದು ನಿಮಗೆ ಹೇಳಲಾರೆ. ಅದನ್ನು ಸೆಲ್ವಿ ನನಗೂ ಹೇಳಿಲ್ಲ. ಕ್ಷೇಮವಾಗಿದ್ದಾಳೆ ಎಂದಷ್ಟೇ ಹೇಳಿದಳು.

ಈ ಸಂಭ್ರಮದಲ್ಲಿ ನಾನು ನಮ್ಮ ಫ್ಲ್ಯಾಟಿನವರನ್ನು ಸೇರಿಸಿ ಸೆಲ್ವಿಗೊಂದು ಸನ್ಮಾನ ಏರ್ಪಡಿಸಲು ಹೊರಟಿದ್ದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ವಾಗತ ಭಾಷಣ ಸ್ವತಃ ನನ್ನದೇ. ಅವಳು ಕೈಮುಗಿದುಬಿಟ್ಟಳು: ಫೋಟೋ ಒಂದು ಕಡೆ ಬಂದರೆ ಸಾಕು, ಹೆಂಡತಿಯನ್ನು ಹುಡುಕುವ ಗಂಡಂದಿರಿಗೆಲ್ಲ ಈ ಮುಖ ಗುರುತಾಗುತ್ತದೆ. ಹೊಗಳಿದರೆ ಕೆಲಸವೇ ಕೆಡುವಂಥ ಕೆಲಸವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆ ಆರು ಹೆಂಗಸರೂ ಮದುವೆಮನೆಗಳಲ್ಲಿ ಟೈಲರಿಂಗ್ ಎಂದೇ ಹೇಳಿಕೊಳ್ಳುತ್ತಾರೆ, ಸರಿಯಾಗಿ ಹೊಲಿಯುವುದಿಲ್ಲವೆಂದು ಬೈಸಿಕೊಳ್ಳುತ್ತಾರೆ. ಆದ್ದರಿಂದ ಇಲ್ಲಿ ಹೆಸರನ್ನೂ ಗುರುತನ್ನೂ ಅಲ್ಲಲ್ಲಿ ಬದಲಿಸಿ ಬರೆದಿದ್ದೇನೆ. ಅವರಿಗೆ ನಾನು ಹೊದಿಸಬಹುದಾದ ಶಾಲು ಇಷ್ಟೇ.

ನಿನ್ನೆ ಬೆಳಿಗ್ಗೆ ಒಗ್ಗರಣೆಯ ಹೊತ್ತಿಗೆ ನಮ್ಮ ಫೋನು ಮೌನವಾಗಿತ್ತು. ನಾನೇ ಸೌಟು ಕೆಳಗಿಟ್ಟು ಮೈಸೂರಿನ ನಂಬರು ಒತ್ತಿದೆ. ನಾನಾಗಿ ಫೋನ್ ಮಾಡುವವಳಲ್ಲವಾದ್ದರಿಂದ ಇಂದಿರಕ್ಕ ಗಾಬರಿಯಾದಳು.

“ಏನಾಯ್ತೇ ಪದ್ಮಾ?”

ಹೇಳಬೇಕೆಂದಿದ್ದ ಮಾತು ಬಹಳವಿತ್ತು. ಆ ಮಧ್ಯಾಹ್ನಗಳು, ಆ ಕಾಫಿ, ಆ ಗಾದೆ, ಯಾವುದರಿಂದ ಶುರುಮಾಡುವುದು?

“ಏನಿಲ್ಲ ಅಕ್ಕ. ಸುಮ್ಮನೆ ಮಾಡಿದೆ.”

“ಇರು” ಎಂದಳು ಇಂದಿರಕ್ಕ, “ಒಲೆ ಆರಿಸಿ ಬಂದು ಕೂತ್ಕೋತೀನಿ.”